ಗಿರಾಕಿಯಾಗಿ ಕೂತ ಯಜಮಾನರು

ನಮ್ಮ ಚಪ್ಪಲಿ ಅಂಗಡಿಯ ಯಜಮಾನರು ಸೇಲ್ಸ್ ಕೆಲಸ ಕೇಳಿಕೊಂಡು ಬಂದವರ ಅಂಕಪಟ್ಟಿಯನ್ನು ಮುಟ್ಟುವುದೇ ಇಲ್ಲ. ಗಿರಾಕಿಯ ಸ್ಟೂಲ್ ಮೇಲೆ ಕೂತು, ಶೂ ಹಾಕಿದ ಕಾಲು ಚಾಚಿ, "ಎಲ್ಲಿ, ನಂಗೊಂದು ಜೊತೆ ಮಾರಿ ನೋಡೋಣ" ಎನ್ನುತ್ತಾರೆ. ಆಮೇಲೆ ಅವರಷ್ಟು ತರಲೆ ಗಿರಾಕಿ ಭೂಮಿ ಮೇಲಿಲ್ಲ. ಕಪ್ಪು ತಂದರೆ ಕಂದು ಬೇಕು. ಕಂದು ತಂದರೆ "ಮನೇಲಿ ಕೇಳ್ಕೊಂಡು ಬರ್ತೀನಿ" ಎಂದು ತಮ್ಮದೇ ಅಂಗಡಿಯ ಬಾಗಿಲವರೆಗೆ ಹೋಗಿ ಬರುತ್ತಾರೆ. ಎದುರಂಗಡಿಯ ಮಾಲನ್ನು ಅವರು ಬಾಯ್ತುಂಬ ಹೊಗಳುವುದೂ ಆಗಲೇ. ಮೊನ್ನೆ ಬಂದ ಹುಡುಗಿ ಒಂದು ಡಬ್ಬವನ್ನೂ ತೆರೆಯಲಿಲ್ಲ. ಮಂಡಿಯೂರಿ, ಅವರ ಶೂ ತುದಿಯನ್ನು ಒತ್ತಿ ನೋಡಿ, "ಸರ್, ಇದು ನಿಮಗೆ ಒಂದು ಸೈಜ್ ಚಿಕ್ಕದು. ನೋಯಲ್ವಾ?" ಎಂದಳು. ಮಾರಾಟವಾಗದೆ ಉಳಿದ ಜೊತೆಗಳನ್ನೇ ಮೂವತ್ತು ವರ್ಷದಿಂದ ಮೆಟ್ಟಿಕೊಂಡು ಬಂದ ಯಜಮಾನರು ಮೆಲ್ಲಗೆ ಕಾಲು ಹಿಂದಕ್ಕೆಳೆದುಕೊಂಡರು. "ನೋಯುತ್ತೆ ಕಣಮ್ಮ," ಎಂದರು. "ನಾಳೆಯಿಂದ ಬಾ."