ಸಿರ್ಕದಲ್ಲಿ ಅದ್ದಿದ ಕೆಂಪು ಚೌಕ

ಇದನ್ನು ಬರೆಯುವುದನ್ನು ನಾನು ಮುಂದೂಡುತ್ತಲೇ ಬಂದೆ. ಯುಗಾದಿ ಕಳೆಯಲಿ ಎಂದೆ, ಕಣ್ಣಿನ ಆಪರೇಷನ್ ಆಗಲಿ ಎಂದೆ, ಮೊದಲು ಹೆಂಡತಿಗೆ ಹೇಳೋಣ ಎಂದೆ. ಅವಳು ಹೋಗಿಯೇ ನಾಲ್ಕು ವರ್ಷವಾಯಿತು. ಯಲಹಂಕದವರ ಬಟ್ಟೆಯೆಲ್ಲ ಕೆರೆಯ ಕಲ್ಲಿನ ಮೇಲೆ ಬೆಳ್ಳಗಾಗುತ್ತಿದ್ದ ಕಾಲದ ಮಾತಿದು. ಈಗಲಾದರೂ ಬರೆಯುವಂತೆ ಮಾಡಿದ್ದು ನಮ್ಮ ಮನೆಯ ವಾಷಿಂಗ್ ಮಷೀನು.

ಈ 2016ರ ಬೇಸಿಗೆಯಲ್ಲಿ, ಸಹಕಾರನಗರದ ನಮ್ಮ ಮನೆಯಲ್ಲಿ ಒಗೆದ ಬಟ್ಟೆಗೂ ಮುಗ್ಗಲು ವಾಸನೆ ಬರತೊಡಗಿತು. ಬೋರ್‌ವೆಲ್ ನೀರು ಬೇರೆ. ಟವೆಲ್ಲುಗಳು ಒಣಗಿದರೆ ಹಪ್ಪಳದಂತೆ ಸೆಟೆದು ನಿಲ್ಲುತ್ತಿದ್ದವು. ಸೊಸೆ ಫೋನಿನಲ್ಲಿ ಏನೋ ಓದಿ, ಅಂಗಡಿಯಿಂದ ಬಿಳಿ ವಿನೆಗರ್ ತಂದಳು. ಅದರಲ್ಲಿ ಅದ್ದಿದ ಚಿಂದಿಯಿಂದ ಮಷೀನಿನ ಬಾಗಿಲ ರಬ್ಬರಿನ ಸಂದಿಯ ಕಪ್ಪು ಕೊಳೆಯನ್ನು ಒರೆಸಿದಳು. ಆಮೇಲೆ ಎರಡು ಲೋಟ ಒಳಗೆ ಸುರಿದು, ಬಟ್ಟೆ ಹಾಕದೆ ಬಿಸಿನೀರಿನಲ್ಲಿ ತಿರುಗಲು ಬಿಟ್ಟಳು.

“ಮಾವ, ನೀವು ಆಚೆ ಕೂತ್ಕೊಳ್ಳಿ, ಮೂಗಿಗೆ ಹೊಡೆಯುತ್ತೆ.”

“ಬಟ್ಟೆ ಅಲುಬೋ ಕೊನೇ ನೀರಿಗೂ ಸ್ವಲ್ಪ ಹಾಕಮ್ಮ. ಸೋಪಿನ ಜಿಗುಟು ಹೋಗುತ್ತೆ.”

“ಅರೆ! ಇದನ್ನ ನಿಮಗ್ಯಾರು ಹೇಳ್ಕೊಟ್ರು?”

“ಯಾರೋ” ಎಂದು ಎದ್ದು ಹೊರಗೆ ಬಂದೆ. ಆ ಹುಳಿ ವಾಸನೆ ಮಾತ್ರ ನನ್ನ ಹಿಂದೆಯೇ ಬಂತು.

ನನಗಾಗ ಒಂಬತ್ತು ವರ್ಷ. ಅಕ್ಕನ ಮದುವೆ ಗೊತ್ತಾಗಿತ್ತು. ಗೋಡೆಗೆ ಬಳಿದ ಹಸಿ ಸುಣ್ಣ, ಒಳಗೆ ಕರಿಯುತ್ತಿದ್ದ ಚಕ್ಕುಲಿ, ಅಂಗಳದಲ್ಲಿ ಒಟ್ಟಿದ್ದ ಚಪ್ಪರದ ಸೊಪ್ಪು, ಎಲ್ಲದರ ವಾಸನೆ ಬೆರೆತು ಮನೆಯಲ್ಲಿ ನಿಲ್ಲುವುದೇ ಒಂದು ಸುಖವಾಗಿತ್ತು. ಆದರೂ ನಾನು ಮನೆ ಬಿಟ್ಟು ಪುಟ್ಟೇನಹಳ್ಳಿ ಕೆರೆಗೆ ಓಡುತ್ತಿದ್ದೆ. ನಮ್ಮ ಮನೆಯ ಬಟ್ಟೆ ಒಗೆಯುತ್ತಿದ್ದ ಮಡಿವಾಳರ ಹೆಂಗಸು ಗಂಟನ್ನು ಕತ್ತೆಯ ಮೇಲೆ ಹೇರಿಕೊಂಡು ಅಲ್ಲಿಗೆ ಹೋಗುತ್ತಿದ್ದಳು. ಗಂಟಿನ ಮೇಲೆ ನನ್ನನ್ನೂ ಕೂರಿಸುತ್ತಿದ್ದಳು. ಮಧ್ಯಾಹ್ನ ತನ್ನ ರಾಗಿ ರೊಟ್ಟಿಯಲ್ಲಿ ಅರ್ಧ ಮುರಿದು, ಹುಚ್ಚೆಳ್ಳು ಚಟ್ನಿ ಹಚ್ಚಿ ಕೊಡುತ್ತಿದ್ದಳು. “ನಿಮ್ಮಜ್ಜಿಗೆ ಯೋಳ್ಬ್ಯಾಡ, ನನ್ ಕೈಲಿ ತಿಂದೆ ಅಂತ ನಿನ್ನೂ ಬಟ್ಟೆ ಜತೆ ಉಬ್ಬೆಗೆ ಆಕಿ ಬೇಯಿಸ್ಯಾಳು” ಎಂದು ನಗುತ್ತಿದ್ದಳು.

ಏರೋಡ್ರಮ್ಮಿನ ಕಡೆಯ ಒಬ್ಬ ಆಫೀಸರ ಬಂಗಲೆಗೂ ಆಕೆಯೇ ಬಟ್ಟೆ ಒಗೆಯುತ್ತಿದ್ದಳು. ಅಲ್ಲಿನ ಅಡುಗೆಯವನು ಮಿಕ್ಕ ವಿನೆಗರನ್ನು ಬ್ರಾಂಡಿಯ ಖಾಲಿ ಬಾಟಲಿಗೆ ತುಂಬಿ ಕೊಡುತ್ತಿದ್ದ. ಆಕೆ ಅದನ್ನು ಸಿರ್ಕ ಎನ್ನುತ್ತಿದ್ದಳು. ಕೊನೆಯ ನೀರಿಗೆ ಒಂದಿಷ್ಟು ಹಾಕಿದರೆ ಸೋಪು ಬಿಡುತ್ತದೆ, ಬಣ್ಣ ನಿಲ್ಲುತ್ತದೆ ಎಂಬುದು ಆಕೆಯ ನಂಬಿಕೆ. ಒಮ್ಮೆ ನನ್ನ ಬೆರಳಿಗೆ ಒಂದು ಹನಿ ಬಿಟ್ಟಳು.

“ನೆಕ್ಕಿ ನೋಡು, ಸಣ್ಣೆಜಮಾನ. ನಿಮ್ಮಜ್ಜಿ ಮಾತಿಗಿಂತ ಉಳಿ ಐತೆ.”

ನಮ್ಮ ಕಡೆ ಮದುವೆಯಲ್ಲಿ ಹೆಣ್ಣು ಗಂಡು ಬಾಗಿಲಿನಿಂದ ಚಪ್ಪರದವರೆಗೆ ಬರಿ ನೆಲದ ಮೇಲೆ ಕಾಲಿಡಬಾರದು. ಮಡಿವಾಳರು ಒಗೆದ ಬಿಳಿ ಬಟ್ಟೆಯನ್ನು ಮುಂದೆ ಮುಂದೆ ಹಾಸುತ್ತ ಹೋಗಬೇಕು. ಅದು ನಡೆಮಡಿ. ನಮ್ಮ ಮನೆಯಲ್ಲಿ ಆ ಹಕ್ಕು ಆಕೆಯದು. “ನಿಮ್ಮವ್ವ ಈ ಮನೆಗೆ ಬಂದಿದ್ದು ನನ್ ಮಡಿ ಮ್ಯಾಲೆ. ನಿಮ್ಮಕ್ಕನ್ ಬಟ್ಟೆನ ತೊಟ್ಲಿಂದ ಒಗ್ದಿವ್ನಿ. ಅವಳ ಮುಂದೆ ಮಡಿ ಆಸ್ಬುಟ್ರೆ ನಂಗಿನ್ನೇನು ಬ್ಯಾಡ” ಎಂದು ಆ ತಿಂಗಳೆಲ್ಲ ಹೇಳುತ್ತಲೇ ಇದ್ದಳು. ಅದಕ್ಕೆಂದು ಅಜ್ಜಿ ನಾಲ್ಕು ಹೊಸ ಬಿಳಿ ಪಂಚೆಗಳನ್ನು ಗಂಜಿ ತೆಗೆಯಲು ಆಕೆಗೆ ಕೊಟ್ಟಿದ್ದಳು.

ನನ್ನ ಹತ್ತಿರ ಸಂತೆಯಲ್ಲಿ ಕೊಡಿಸಿದ ಒಂದು ಕೆಂಪು ಚೌಕವಿತ್ತು. ಕಬಡ್ಡಿ ಆಡುವಾಗ ತಲೆಗೆ ಕಟ್ಟಿಕೊಳ್ಳುತ್ತಿದ್ದೆ. ಅದು ಕೆಸರಾಗಿತ್ತು. ಕೆಂಪು ಬಟ್ಟೆಯನ್ನು ಬೇರೆಯೇ ನೆನೆಸಬೇಕೆಂದು ಆಕೆ ಎಷ್ಟೋ ಸಲ ಹೇಳಿದ್ದಳು. ಆದರೆ ಮರುದಿನ ಆಟವಿತ್ತು. ಆಕೆ ಕತ್ತೆಗೆ ನೀರು ಕುಡಿಸಲು ಹೋದಾಗ, ಪಂಚೆಗಳು ನೆನೆಯುತ್ತಿದ್ದ ಬಾನಿಯ ಅಡಿಗೆ ಚೌಕವನ್ನು ತುರುಕಿ ಮನೆಗೆ ಓಡಿಬಂದೆ.

ಮರುದಿನ ಆಕೆ ಬಂದಾಗ ಪಂಚೆಗಳು ದಾಸವಾಳದ ನೀರಿನಲ್ಲಿ ಅದ್ದಿದಂತಿದ್ದವು.

“ನನ್ ಕೈತಪ್ಪು ಕಣವ್ವ. ಇನ್ನೊಂದ್ಕಿತ ಉಬ್ಬೆಗೆ ಆಕ್ತೀನಿ, ಮದುವೆ ಒತ್ಗೆ ಬೆಳ್ಳಗೆ ಮಾಡ್ಕೊಡ್ತೀನಿ” ಎಂದಳು. ನನ್ನ ಕಡೆ ನೋಡಲಿಲ್ಲ.

“ಮದುವೆ ಬಟ್ಟೆಗೆ ಅದೇನು ಬಳಿದೆಯೇ? ಏನಿದು ಹುಳಿ ನಾತ?” ಎಂದು ಅಜ್ಜಿ ಪಂಚೆಯನ್ನು ಮೂಸಿದಳು. ಅಪ್ಪನೂ ಹೊರಗೆ ಬಂದ. ಅಪ್ಪನ ಕೈಯ ಹುಣಸೆ ಬರಲಿನ ಏಟು ನನ್ನ ಕಾಲುಗಳಿಗೆ ಚೆನ್ನಾಗಿ ಗೊತ್ತಿತ್ತು. ಯಾರಾದರೂ ಕೇಳುವ ಮೊದಲೇ ನಾನು ಬಾಯಿ ಬಿಟ್ಟೆ.

“ಅವಳ ಹತ್ರ ಬ್ರಾಂಡಿ ಬಾಟ್ಲಿ ಐತೆ ಅಜ್ಜಿ. ಅದ್ನೇ ಸುರೀತಾಳೆ.”

ಆಕೆ ಗಂಟಿನಿಂದ ಬಾಟಲಿ ತೆಗೆದು ತೋರಿಸಿದಳು. “ಎಂಡ ಅಲ್ಲವ್ವ, ಸಿರ್ಕ ಇದು. ಅಡುಗೇಗೆ ಆಕ್ತಾರೆ. ನೀನೇ ಯೋಳಪ್ಪ, ನೆಕ್ಕಿದ್ದೀಯಲ್ಲ?”

ಎಲ್ಲರೂ ನನ್ನ ಮುಖ ನೋಡಿದರು. ಸಿರ್ಕ ಎಂದು ಒಪ್ಪಿದರೆ ಮುಂದಿನ ಪ್ರಶ್ನೆ, ಕೆಂಪು ಬಣ್ಣ ಎಲ್ಲಿಂದ ಬಂತು ಎಂಬುದು.

“ನಾನು ನೆಕ್ಕಿಲ್ಲ. ಹೆಂಡ ಅಂತ ಅವಳೇ ಅಂದ್ಲು.”

ಆಕೆ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. “ಹೆಂಡದ ಕೈಯಲ್ಲಿ ನನ್ನ ಮೊಮ್ಮಗಳಿಗೆ ಮಡಿ ಹಾಸಿಸಲ್ಲ” ಎಂದು ಅಜ್ಜಿ ಒಳಗೆ ಹೋದಳು.

ನಾನು ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದೆ. ಹೋಗುವಾಗ ಆಕೆ ಸೊಂಟದಿಂದ ಏನನ್ನೋ ತೆಗೆದು ನನ್ನ ಕೈಯಲ್ಲಿಟ್ಟಳು. ನನ್ನ ಚೌಕ. ಒಗೆದು, ಒಣಗಿಸಿ, ನಾಲ್ಕು ಮಡಿಕೆ ಮಾಡಿತ್ತು.

“ತಗೋಳಪ್ಪ. ಸಿರ್ಕದಾಗೆ ಅದ್ದಿವ್ನಿ. ಇನ್ನು ಬಣ್ಣ ಬಿಡಾಕಿಲ್ಲ” ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಬಂದಾಗಲೇ ಆಕೆಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ‘ನನ್ ಕೈತಪ್ಪು’ ಎಂದಿದ್ದಳು.

ಮದುವೆಯ ದಿನ ಬೇರೆ ಊರಿನವರು ಬಂದು ನಡೆಮಡಿ ಹಾಸಿದರು. ಆಕೆ ಬೀದಿಯ ಆಚೆ, ಹೊಂಗೆ ಮರದ ಕೆಳಗೆ ನಿಂತು ಅಕ್ಕ ನಡೆದು ಹೋಗುವುದನ್ನು ನೋಡಿದಳು. ಅಕ್ಕನ ಪಾದಗಳನ್ನೇ ನೋಡುತ್ತಿದ್ದಳು. ಆಮೇಲೆ ಊರಿನ ಉಳಿದ ಮನೆಗಳೂ ಒಂದೊಂದಾಗಿ ಆಕೆಗೆ ಬಟ್ಟೆ ಕೊಡುವುದನ್ನು ಬಿಟ್ಟವು. ಆಕೆ ಕತ್ತೆಯನ್ನು ಹೊಡೆದುಕೊಂಡು ಸೋಲದೇವನಹಳ್ಳಿಯ ತಂಗಿಯ ಮನೆಗೆ ಹೋದಳೆಂದು ಕೇಳಿದೆ.

ಒಂದೇ ಒಂದು ಸಲ ಮತ್ತೆ ಸಿಕ್ಕಿದಳು. ನಾನಾಗ ಎಸ್ಸೆಸ್ಸೆಲ್ಸಿ ಮುಗಿಸಿ ಕಾರ್ಖಾನೆಗೆ ಸೇರಿದ್ದೆ. ಯಲಹಂಕದ ಬಸ್ ಸ್ಟಾಪಿನಲ್ಲಿ ಆಕೆಯೇ ಗುರುತು ಹಿಡಿದಳು. “ಅಕ್ಕ ಚೆನ್ನಾಗವ್ಳಾ? ಮಕ್ಳೆಷ್ಟು?” ಎಂದಳು. “ಹೂಂ. ಇಬ್ಬರು” ಎಂದೆ. ಬಸ್ಸು ಬರಲು ಇನ್ನೂ ಹೊತ್ತಿತ್ತು. ಹೇಳುವುದಿದ್ದರೆ ಹೇಳಬಹುದಿತ್ತು. ನಾನು ಬೀಡಿ ತರುವ ನೆಪ ಮಾಡಿ ರಸ್ತೆ ದಾಟಿದೆ.

ಈಗ ಆ ಕೆರೆಗೆ ಬೇಲಿ ಬಂದಿದೆ, ಒಗೆಯುವ ಕಲ್ಲುಗಳಿಲ್ಲ. ನನ್ನ ಮಗನ ಮದುವೆಗೆ ಛತ್ರದವರು ಬಾಡಿಗೆಯ ಕೆಂಪು ಕಾರ್ಪೆಟ್ ಹಾಸಿದ್ದರು. ಅದರ ಮೇಲೆ ನಡೆಯಲು ನನ್ನ ಕಾಲು ಏಳಲಿಲ್ಲ. ಅಕ್ಕನಿಗೂ ನಾನು ಹೇಳಲಿಲ್ಲ, ಅವಳೂ ಹೋದಳು. ಆ ಚೌಕವನ್ನು ಮತ್ತೆ ತಲೆಗೆ ಕಟ್ಟಲಿಲ್ಲ. ಅಟ್ಟದ ಮಡಕೆಯಲ್ಲಿ ಬಚ್ಚಿಟ್ಟೆ. ಹಳೆ ಮನೆ ಕೆಡವುವಾಗ ಮಡಕೆಯೊಂದಿಗೆ ಅದೂ ಹೋಯಿತು. ಬಣ್ಣ ಬಿಡುತ್ತದೋ ಇಲ್ಲವೋ ಎಂದು ಒಂದು ಸಲವೂ ನೀರಿಗೆ ಹಾಕಿ ನೋಡಿರಲಿಲ್ಲ.

ಮಷೀನಿನ ವಾಸನೆ ಹೋಯಿತು. ಟವೆಲ್ಲುಗಳು ಮೆತ್ತಗಾಗಿವೆ. ಸೊಸೆ ಖುಷಿಯಾಗಿದ್ದಾಳೆ. ಯಾರು ಹೇಳಿಕೊಟ್ಟರು ಎಂದು ಅವಳು ಕೇಳಿದಾಗ ‘ಯಾರೋ’ ಎಂದೆನಲ್ಲ, ಅಲ್ಲಿಗೆ ಆಕೆಯ ವಿಷಯದಲ್ಲಿ ನಾನು ಎರಡನೆಯ ಸಲ ಸುಳ್ಳು ಹೇಳಿದಂತಾಯಿತು. ಇವತ್ತು ಸಂಜೆ ಅವಳನ್ನು ಕೂರಿಸಿಕೊಂಡು ಹೇಳುತ್ತೇನೆ. ನನಗೆ ಹೇಳಿಕೊಟ್ಟಾಕೆ ಪಿಳ್ಳಮ್ಮ.