ನಶಿಸಿದ ಕವಲಿನ ಮಜೀದಾ

ಚನ್ನಪಟ್ಟಣದ ಬೊಂಬೆ ಕೆಲಸಗಾರರ ಸಂಘದ ಗೋಡೆಗೆ ಆ ಪಟ ತೂಗುಹಾಕಿದ ದಿನ ಮಜೀದಾಗೆ ಎಲ್ಲಿಲ್ಲದ ಸಿಟ್ಟು ಬಂತು. ಬಾಗಿಲಷ್ಟು ಎತ್ತರದ ಕಾಗದದ ಮೇಲೆ ಒಂದು ದೊಡ್ಡ ಮರ ಬರೆದಿತ್ತು. ಬುಡದಲ್ಲಿ ಹಳೆಯ ಉಸ್ತಾದರ ಹೆಸರು, ಕೊಂಬೆಗಳಲ್ಲಿ ಅವರ ಶಿಷ್ಯರು, ರೆಂಬೆಗಳಲ್ಲಿ ಶಿಷ್ಯರ ಶಿಷ್ಯರು. ಪಕ್ಕದಲ್ಲಿ ಅವರವರು ಕಡೆದ ಬುಗುರಿ, ಗಿಲಕಿ, ಗೊಂಬೆಗಳ ಪುಟ್ಟ ಚಿತ್ರ. ಒಟ್ಟು ನಲವತ್ತೊಂದು ಹೆಸರು. ಮೂವತ್ತನಾಲ್ಕು ವರ್ಷ ಇದೇ ಊರಿನಲ್ಲಿ ಮರದ ಪುಡಿ ನುಂಗಿ ಕೆಮ್ಮಿದ ಮಜೀದಾಳ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ಹೋಗಲಿ ಎಂದು ಬಿಡಬಹುದಿತ್ತಲ್ಲ ಎನ್ನಬೇಡಿ. ಹೆಣ್ಣುಮಕ್ಕಳಿಗೆ ಮರ ಕಡೆಯುವುದನ್ನು ಕಲಿಸಲು ಸಂಘ ಹೊಸ ತರಗತಿ ತೆರೆಯುವುದರಲ್ಲಿತ್ತು. ಕಲಿಸುವವರ ಹೆಸರು ಈ ಪಟದಲ್ಲಿ ಇರಲೇಬೇಕು, ಯಾವ ಉಸ್ತಾದರ ಕೈಕೆಳಗೆ ಕಲಿತವರು ಎಂಬುದು ಗೊತ್ತಾಗಬೇಕು ಎಂದು ಅಧ್ಯಕ್ಷ ಆಫ್ತಾಬ್ ತೀರ್ಮಾನ ಮಾಡಿಬಿಟ್ಟಿದ್ದ. ನಲವತ್ತೊಂದರಲ್ಲಿ ಒಂದೂ ಹೆಣ್ಣಿನ ಹೆಸರಿಲ್ಲ. ಗಂಡಸರು ಕಲಿಸುತ್ತಾರೆಂದರೆ ಅರ್ಧ ಮನೆಗಳವರು ಮಗಳನ್ನು ಹೊಸ್ತಿಲು ದಾಟಿಸುವುದಿಲ್ಲ. ಆ ಜಾಗ ತನಗೆ ಸಿಗಲೇಬೇಕು ಎಂದು ಮಜೀದಾ ಹಟ ಹಿಡಿದಿದ್ದಳು. ತಾನು ಕಲಿತ ಹಾಗೆ ಕದ್ದುಮುಚ್ಚಿ ಕಲಿಯುವ ಪಾಡು ಇನ್ನೊಂದು ಹುಡುಗಿಗೆ ಬರಬಾರದು ಎಂಬುದೊಂದೇ ಅವಳ ತಲೆಯಲ್ಲಿತ್ತು.

ಪಟ ಬರೆದವಳು ನಯನ. ಬೈರಮಂಗಲದಲ್ಲಿ ಕುರಿ ಸಾಕುವ ಮನೆಯ ಹುಡುಗಿ. ಬೆಂಗಳೂರಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಆರು ತಿಂಗಳಿಂದ ಮನೆಮನೆ ಸುತ್ತಿ ಸಾವಿರಾರು ಬೊಂಬೆಗಳ ಫೋಟೊ ತೆಗೆದಿದ್ದಳು. ಮಜೀದಾ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಾಗ ಅವಳು ಕುರ್ಚಿ ಎಳೆದು ಕೂರಿಸಿ ವಿವರಿಸಿದಳು.

"ನೋಡಿ ಮಜೀದಮ್ಮ, ಕುರಿ ಕಿವಿ ನೋಡಿದ್ರೆ ಸಾಕು, ಇದು ಯಾವ ಟಗರಿನ ಮರಿ ಅಂತ ನಮ್ಮಪ್ಪ ಹೇಳ್ಬುಡ್ತಾರೆ. ಬೊಂಬೇನೂ ಹಂಗೇ. ಉಸ್ತಾದ್ರು ಮಾಡಿದ್ದನ್ನ ಶಿಷ್ಯ ನೋಡ್ಕಂಡು ಮಾಡ್ತಾನೆ. ಮಾಡೋವಾಗ ಒಸಿ ಬದಲಾಯ್ತದೆ. ಜನಕ್ಕೆ ಹಿಡಿಸಿದ್ದು ಉಳ್ಕತದೆ, ಹಿಡಿಸ್ದೇ ಇದ್ದುದ್ದು ಸತ್ತೋಯ್ತದೆ. ಗಿಡ, ಪ್ರಾಣಿ ಎಲ್ಲ ಹೊಸ ಹೊಸ ಜಾತಿ ಆಗಿರೋದೂ ಹಿಂಗೇಯ."

"ಆಯ್ತು ಕಣವ್ವ. ಇದ್ರಲ್ಲಿ ನಾನೆಲ್ಲಿದೀನಿ?"

"ನೀವು ಯಾವ ಉಸ್ತಾದ್ರ ಹತ್ರ ಕಲ್ತ್ರಿ?"

ಮಜೀದಾ ಉತ್ತರ ಹುಡುಕುವವಳ ಹಾಗೆ ಪಟದ ಕಡೆ ತಿರುಗಿದಳು. ಆಗ ಕಂಡಿತು, ಬಲಗಡೆ ಮೂಲೆಯಲ್ಲಿ, ಯಾವ ಕೊಂಬೆಗೂ ಅಂಟದೆ ಚುಕ್ಕಿ ಚುಕ್ಕಿಯಾಗಿ ಬರೆದ ಒಂದು ಗೆರೆ. ಅದರ ತುದಿಯಲ್ಲೊಂದು ಕೆಂಪು ಬುಗುರಿ. ಬುಗುರಿಯ ಮೈಮೇಲೆ ಹಳದಿ ಸುರುಳಿ. ಕೆಳಗೆ ಸಣ್ಣಕ್ಷರದಲ್ಲಿ ಬರೆದದ್ದನ್ನು ನಯನಳೇ ಓದಿದಳು: "ಎಡಸುರುಳಿ ಬುಗುರಿ. ಮಾಡಿದವರು ಗೊತ್ತಿಲ್ಲ. ೨೦೦೧ರ ಸುಮಾರಿಗೆ ನಶಿಸಿದ ಕವಲು."

"ಸಂಘದ ಹಳೇ ಪೆಟ್ಟಿಗೇಲಿ ಇಪ್ಪತ್ತು ಸಿಕ್ಕವು, ಯಾರ ಹೆಸ್ರೂ ಇಲ್ಲ, ೨೦೦೧ ಆದ್ಮೇಲಿಂದು ಒಂದೂ ಇಲ್ಲ," ಎಂದಳು ನಯನ. "ಊರಲ್ಲಿ ಎಲ್ಲಾರ ಸುರುಳಿನೂ ಬಲಕ್ಕೆ ಏರ್ತದೆ. ಇವು ಎಡಕ್ಕೆ. ಬ್ಯಾರೆ ಯಾವ್ದೋ ವಂಶ ಇರ್ಬೇಕು, ಪಾಪ, ಪೂರ್ತಿ ಹೋಗ್ಬುಟ್ಟೈತೆ."

"ಹೋಗಿಲ್ಲ," ಎಂದಳು ಮಜೀದಾ. "ಇಲ್ಲೇ ನಿನ್ನ ಮುಂದೆ ಕೂತೈತೆ."

ನಯನ ನಕ್ಕಳು. ಮಜೀದಾ ನಗದೇ ಇದ್ದದ್ದು ನೋಡಿ ನಗು ನಿಲ್ಲಿಸಿದಳು.

ಮಜೀದಾ ಹುಟ್ಟಿದ್ದು ರಾಮನಗರದಲ್ಲಿ, ರೇಷ್ಮೆನೂಲು ಬಿಚ್ಚುವ ರಸೂಲ್ ಸಾಹೇಬರ ಮಗಳಾಗಿ. ಹದಿನೆಂಟಕ್ಕೆ ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದಳು. ಗಂಡ ಇಸ್ರಾರ್, ಖಲಂದರ್ ಉಸ್ತಾದರ ಕಾರ್ಖಾನೆಯಲ್ಲಿ ಗೊಂಬೆಗಳಿಗೆ ಕಣ್ಣು ಮೂಗು ಬರೆಯುತ್ತಿದ್ದ. ಇವಳಿಗೂ ಅಲ್ಲೇ ಕೆಲಸವಾಯಿತು. ಕಡೆದಿಟ್ಟ ಬೊಂಬೆಗಳನ್ನು ಒಣಗಿದ ಕೇದಗೆ ಗರಿಯಿಂದ ಉಜ್ಜಿ ಹೊಳಪು ಬರಿಸಿ, ಕಾಗದದಲ್ಲಿ ಸುತ್ತಬೇಕು. ಕಡೆಯುವ ಯಂತ್ರವನ್ನು ಹೆಂಗಸರು ಮುಟ್ಟುವ ಹಾಗಿರಲಿಲ್ಲ. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ, ಅದಕ್ಕೇ ಯಾರೂ ಹೇಳುತ್ತಲೂ ಇರಲಿಲ್ಲ. ಅವಳ ಚಾಪೆ ಉಸ್ತಾದರಿಗೆ ಎದುರಾಗಿತ್ತು. ಆರು ವರ್ಷ ಕೈ ಬೊಂಬೆ ಉಜ್ಜುತ್ತಿತ್ತು, ಕಣ್ಣು ಉಸ್ತಾದರ ಉಳಿಯ ಮೇಲಿತ್ತು.

ಉಸ್ತಾದರಿಗೆ ವಯಸ್ಸಾಗುತ್ತಾ ಕೈ ನಡುಗುವ ರೋಗ ಅಂಟಿಕೊಂಡಿತು. ಒಂದು ಶುಕ್ರವಾರ ಗಂಡಸರೆಲ್ಲ ನಮಾಜಿಗೆ ಹೋಗಿದ್ದಾಗ, ಅವರು ಅರ್ಧಕ್ಕೆ ಬಿಟ್ಟ ಬುಗುರಿಯ ಮುಂದೆ ಮಜೀದಾ ಹೋಗಿ ಕೂತೇಬಿಟ್ಟಳು. ಎದುರಿಗೆ ಕೂತು ಕಲಿತವಳಲ್ಲವೇ? ಅವರ ಬಲಗೈ ಮಾಡಿದ್ದನ್ನು ಇವಳ ಎಡಗೈ ಮಾಡಿತು. ಅವರು ಬಲತುದಿಯಿಂದ ಶುರುಮಾಡುತ್ತಿದ್ದ ಗೆರೆಯನ್ನು ಇವಳು ಎಡತುದಿಯಿಂದ ಶುರುಮಾಡಿದಳು. ತಾನು ತಿರುಗಾಮುರುಗಾ ಮಾಡುತ್ತಿದ್ದೇನೆ ಎಂಬ ಅರಿವೂ ಅವಳಿಗಿರಲಿಲ್ಲ.

ವಾಪಸು ಬಂದ ಉಸ್ತಾದರು ಬುಗುರಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೈಯಲಿಲ್ಲ, ಹೊಗಳಲೂ ಇಲ್ಲ. ಮಾರನೆಯ ದಿನದಿಂದ ಮಧ್ಯಾಹ್ನದ ಹೊತ್ತು ಬೀದಿಬಾಗಿಲು ಹಾಕಿಸಿ, ಉಳಿಯನ್ನು ಅವಳ ಕಡೆ ತಳ್ಳುತ್ತಿದ್ದರು. ಐದು ವರ್ಷ ಅವರ ಹೆಸರಿನಲ್ಲಿ ಮಾರಾಟವಾದ ಬುಗುರಿಗಳೆಲ್ಲ ಅವಳವೇ. ೨೦೦೧ರಲ್ಲಿ ಅವರು ತೀರಿಕೊಂಡರು. ಕಾರ್ಖಾನೆ ಅವರ ಮಗ, ಈಗ ಸಂಘದ ಅಧ್ಯಕ್ಷನಾಗಿರುವ ಆಫ್ತಾಬನ ಕೈಗೆ ಬಂತು, ಮಜೀದಾ ಮತ್ತೆ ಚಾಪೆಗೆ ಬಂದಳು. ಇಪ್ಪತ್ತಮೂರು ವರ್ಷ ಸರಕ್ಕೆ ಪೋಣಿಸುವ ಮರದ ಮಣಿ ಉಜ್ಜಿದಳು.

ಇದಿಷ್ಟನ್ನೂ ಅವಳು ಹೇಳಿ ಮುಗಿಸುವ ಹೊತ್ತಿಗೆ ಆಫ್ತಾಬ್ ಬಂದು ಬಾಗಿಲಲ್ಲಿ ನಿಂತಿದ್ದ. ಅವನದೂ ಮಜೀದಾಳದೂ ಮನೆಮಾತು ಉರ್ದು, ಅವಳನ್ನು ಅವನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದ. ನಯನಳಿಗೂ ತಿಳಿಯಲಿ ಎಂದೋ ಏನೋ ಅವನು ಕನ್ನಡದಲ್ಲೇ ಹೇಳಿದ.

"ಅವು ನಮ್ಮ ಅಬ್ಬಾನ ಮಾಲು, ಮೇಡಮ್. ವಯಸ್ಸಾದ್ಮೇಲೆ ಕೈ ಹಿಡ್ತ ಬದಲಾಗಿತ್ತು, ಅಷ್ಟೇಯ. ಆಪಾ, ಸತ್ತೋರ ಹೆಸ್ರು ಯಾಕೆ ಕೆಡಿಸ್ತೀಯಾ?"

"ನಾನು ಯಾರ ಹೆಸ್ರೂ ಕೆಡಿಸಾಕೆ ಬಂದಿಲ್ಲ, ನನ್ನ ಹೆಸ್ರು ಕೇಳಾಕೆ ಬಂದಿವ್ನಿ," ಎಂದು ಮಜೀದಾ ಎದ್ದಳು. "ಮಿಷನ್ ಸ್ವಿಚ್ ಹಾಕು."

ಸಂಘದ ಶೆಡ್ಡಿನಲ್ಲಿ ಕಡೆಯುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಮಜೀದಾ ಬುರ್ಖಾದ ತೋಳು ಮೇಲೆಳೆದು, ಹಾಲೆಮರದ ತುಂಡು ಸಿಕ್ಕಿಸಿ, ಎಡಗೈಯಲ್ಲಿ ಉಳಿ ಹಿಡಿದಳು. ಬುಗುರಿಯ ಆಕಾರವೇನೋ ಬಂತು. ತಿರುಗುವ ಮರಕ್ಕೆ ಹಳದಿ ಅರಗಿನ ಕಡ್ಡಿ ಒತ್ತಿದಳು, ಅದರ ಮೇಲೆ ಕೆಂಪು. ಸ್ವಿಚ್ ಆರಿಸಿದಳು. ಮರ ಪೂರ್ತಿ ನಿಲ್ಲುವ ಮುಂಚೆ ಸಿಗುವ ನಾಲ್ಕೈದು ಸುತ್ತಿನಲ್ಲೇ ಉಳಿಯ ಮೊನೆ ಓಡಿಸಬೇಕು. ಕೆಂಪು ಹರಿದು ಒಳಗಿನ ಹಳದಿ ಕಾಣಬೇಕು. ಮೊನೆ ಜಾರಿತು. ಗೆರೆ ನಡುವೆಯೇ ಮುರಿಯಿತು.

ಯಾರೋ ಹಿಂದೆ ಕಿಸಕ್ಕೆಂದರು. "ನಗಿ, ನಗಿ," ಎಂದು ಮಜೀದಾ ಎರಡನೆಯ ತುಂಡು ಸಿಕ್ಕಿಸಿದಳು. ಅದೂ ಕೆಟ್ಟಿತು. ಮೂರನೆಯದಕ್ಕೆ ಅವಳು ಯಾರ ಮುಖವನ್ನೂ ನೋಡಲಿಲ್ಲ. ಸ್ವಿಚ್ ಆರಿಸಿದಳು, ಉಸಿರು ಹಿಡಿದಳು, ಎಡತುದಿಯಿಂದ ಬಲತುದಿಗೆ ಒಂದೇ ಎಳೆತ. ಬುಗುರಿ ಬಿಡಿಸಿ ನೆಟ್ಟಗೆ ಹಿಡಿದಾಗ ಹಳದಿ ಸುರುಳಿ ಎಡಕ್ಕೆ ಏರಿಕೊಂಡು ಹೋಗಿತ್ತು.

ನಯನ ಪೆಟ್ಟಿಗೆಯ ಹಳೆಯ ಬುಗುರಿಯನ್ನು ಪಕ್ಕದಲ್ಲಿಟ್ಟಳು. ಎರಡನ್ನೂ ಅದಲುಬದಲು ಮಾಡಿದ್ದರೆ ಯಾವುದು ಹಳತು ಎಂದು ಅವಳಿಗೇ ಗೊತ್ತಾಗುತ್ತಿರಲಿಲ್ಲ. ಸಂಭ್ರಮದಿಂದ ಪೆನ್ಸಿಲ್ ಹಿಡಿದು, ಖಲಂದರ್ ಉಸ್ತಾದರ ಕೊಂಬೆಯಿಂದ ಮಜೀದಾವರೆಗೆ ಗೆರೆ ಎಳೆಯಲು ಹೊರಟಳು.

"ತಾಳು," ಎಂದಳು ಮಜೀದಾ. "ಉಳಿ ಹಿಡಿಯೋದು ಉಸ್ತಾದ್ರಿಂದ ಬಂತು, ದಿಟ. ಕೆಂಪಿನ ಕೆಳಗೆ ಹಳದಿ ಕೂರ್ಸೋದು ನಮ್ಮತ್ತೆ ನಿಖಾತ್ ಬಿ ಅರಗಿನ ಬಳೆ ಮಾಡೋವಾಗ ನೋಡಿದ್ದು. ನಿಲ್ಲೋ ಚಕ್ರದ ಮೇಲೆ ಎಷ್ಟೊತ್ತಿಗೆ ಕೈ ಇಡ್ಬೇಕು ಅನ್ನೋದು ರಾಮನಗರದಲ್ಲಿ ನಮ್ಮಪ್ಪನ ರಾಟೆ ತಿರುಗಿಸಿ ಕಲಿತಿದ್ದು. ಮೂರೂ ಬರಿ."

"ಒಂದು ಕೊಂಬೆ ಹೋಗಿ ಇನ್ನೊಂದು ಕೊಂಬೆಗೆ ಸೇರ್ಕಳಲ್ಲ ಮಜೀದಮ್ಮ. ಬಳೆಯೋರು, ರೇಷ್ಮೆಯೋರು ಈ ಮರದಲ್ಲೇ ಇಲ್ಲ."

"ನಿಮ್ಮಪ್ಪನ ಕುರಿಮರಿ ತಾಯೀನ ಆರಿಸ್ಕಂಡು ಹುಟ್ಟಲ್ಲ. ನಾನು ಆರಿಸ್ಕಂಡೆ, ಒಬ್ರನ್ನಲ್ಲ, ಮೂರು ಜನಾನ. ಸತ್ತ ಕುರಿ ಇಪ್ಪತ್ಮೂರು ವರ್ಷ ಆದ್ಮೇಲೆ ಎದ್ದು ಬತ್ತದಾ? ಇದು ಬಂತು, ನಿನ್ನ ಕೈಯಾಗೇ ಐತೆ. ನಿನ್ನ ಮರಕ್ಕೆ ಒಗ್ಗಲ್ಲ ಅಂದ್ರೆ ಮರ ತಿದ್ದು. ನನ್ನ ತಿದ್ಬೇಡ."

ಪಟ ನಯನಳ ಆರು ತಿಂಗಳ ದುಡಿಮೆ. ತಿದ್ದಲು ಅವಳಿಗೆ ಮನಸ್ಸಿರಲಿಲ್ಲ. ಆದರೂ "ನಶಿಸಿದ" ಎಂಬುದನ್ನು ಹೊಡೆದುಹಾಕಿ, ಮೂರು ಕಡೆಯಿಂದ ಮೂರು ಗೆರೆ ತಂದು ಕೂಡಿಸಿ, ಕೂಡಿದ ಕಡೆ ಮಜೀದಾ ಎಂದು ಬರೆದಳು. ಪಟ ಈಗ ಮರದ ಹಾಗೆ ಕಾಣುತ್ತಿರಲಿಲ್ಲ, ರೇಷ್ಮೆಗೂಡಿನ ತೊಟ್ಟಿಯಿಂದ ಎಳೆಗಳನ್ನು ಕೂಡಿಸಿ ಎತ್ತಿದ ನೂಲಿನ ಹಾಗೆ ಕಾಣುತ್ತಿತ್ತು. ಅಧ್ಯಕ್ಷರು ಒಪ್ಪುತ್ತಾರೋ ಇಲ್ಲವೋ ಎಂದು ಎಲ್ಲರೂ ಆಫ್ತಾಬನ ಕಡೆ ತಿರುಗಿದರು.

ಆಫ್ತಾಬ್ ಹೊಸ ಬುಗುರಿಯನ್ನು ಹಿಡಿದುಕೊಂಡು ನಿಂತಿದ್ದ.

"ನಂಗೆ ಗೊತ್ತಿತ್ತು ಆಪಾ," ಎಂದ. "ಅಬ್ಬಾಗೆ ಟೀ ಲೋಟ ಹಿಡಿಯಾಕೂ ಆಯ್ತಿರ್ಲಿಲ್ಲ. ನಾನೇ ಕುಡಿಸ್ತಿದ್ದೆ. ಆ ಕೈಯಾಗೆ ಬುಗುರಿ ಎಲ್ಲಿ ಕಡೆದಾರು? ಅಬ್ಬಾನ ಹೆಸ್ರು ಹಂಗೇ ಉಳೀಲಿ ಅಂತ ಸುಮ್ಕಿದ್ದೆ."

ಮಜೀದಾಗೆ ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಇಪ್ಪತ್ತಮೂರು ವರ್ಷ ಇವನ ಕಣ್ಣೆದುರಿಗೇ ಕೂತು ಮಣಿ ಉಜ್ಜಿದ್ದಳು. ದಿನವೂ ಸಲಾಂ ಹೇಳಿ ಒಳಗೆ ಹೋಗುತ್ತಿದ್ದವನಿಗೆ ಎಲ್ಲ ಗೊತ್ತಿತ್ತು. ಅವನು ಇನ್ನೂ ಏನೋ ಹೇಳಲು, ಬಹುಶಃ ಮಾಫಿ ಕೇಳಲು, ಬಾಯಿ ತೆರೆದ. ಅವಳು ಕೈಯೆತ್ತಿ ತಡೆದಳು.

"ಅದನ್ನ ಆಮೇಲೆ ನೋಡ್ಕಳಾಣ. ಸೋಮವಾರ ತರಗತಿಗೆ ಎಷ್ಟೊತ್ತಿಗೆ ಬಾಗ್ಲು ತೆಗೀತೀಯಾ?"

"ಹತ್ತಕ್ಕೆ, ಆಪಾ."

"ಎಂಟಕ್ಕೆ ತೆಗಿ," ಎಂದಳು ಮಜೀದಾ. "ಈಗಾಗ್ಲೇ ತುಂಬಾ ಹೊತ್ತಾಗೈತೆ."