ಫ್ಯಾನಕ್ಕ ಮತ್ತು ಬೊಗಳದ ಗುಡುಗು

ಎರಡನೇ ಮಹಡಿಯಲ್ಲಿ ಒಂದೇ ಗೋಡೆಗೆ ಬೆನ್ನು ಕೊಟ್ಟ ಎರಡು ಬಾಡಿಗೆ ಮನೆಗಳು. ಒಂದರಲ್ಲಿ ನಾನು, ಇನ್ನೊಂದರಲ್ಲಿ ಫ್ಯಾನಕ್ಕ. ಸುಟ್ಟುಹೋದ ಫ್ಯಾನು, ಮಿಕ್ಸಿ, ನೀರಿನ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಮತ್ತೆ ಜೀವ ಕೊಡುವುದು ಅವಳ ಕಸುಬು. ಅದು ಗಂಡನಿಂದ ಬಂದದ್ದು. ಗಂಡ ತೀರಿಕೊಂಡ ಮೇಲೆ ಅಂಗಡಿ ಕೈಬಿಟ್ಟಿತು, ಕಸುಬು ಕೈಬಿಡಲಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿಯಾಯಿತು. ಸುಟ್ಟ ವಾರ್ನಿಷ್ ವಾಸನೆ ನನ್ನ ಮನೆಯ ಪರದೆಗೂ ಹತ್ತಿಕೊಂಡಿತ್ತು. ನಾನು ದಿನಾ ಬೈಯುತ್ತಿದ್ದೆ, ಅವಳು ದಿನಾ ನಗುತ್ತಿದ್ದಳು.

ತಂತಿ ಸುತ್ತುವಾಗ ಅವಳ ಹತ್ತಿರ ಮಾತಾಡುವ ಹಾಗಿಲ್ಲ. ಒಂದು ಸುತ್ತು ಲೆಕ್ಕ ತಪ್ಪಿದರೂ ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಸುತ್ತಬೇಕು. ಹಾಗಾಗಿ ಯಾರಾದರೂ ಬಾಗಿಲಿಗೆ ಬಂದರೆ ತಲೆ ಎತ್ತದೆಯೇ ಎಡಗೈ ಬೆರಳನ್ನು ತುಟಿಗೆ ಇಡುತ್ತಿದ್ದಳು. ಗಿರಾಕಿಗಳು ಗಪ್‌ಚಿಪ್ಪಾಗಿ ನಿಲ್ಲುತ್ತಿದ್ದರು. ನಾನು ಹುಟ್ಟಾ ಬಾಯಿಬಡುಕಿ. ಆ ಬೆರಳಿನ ಮುಂದೆ ನಾನೂ ಬಾಯಿ ಮುಚ್ಚುತ್ತಿದ್ದೆ.

ನಾಯಿ ಸಿಕ್ಕಿದ್ದು ಗುಜರಿ ಅಂಗಡಿಯಲ್ಲಿ. ಹಳೇ ಮೋಟಾರಿನ ಚಿಪ್ಪು ಹುಡುಕಲು ಹೋದರೆ ಚಿಪ್ಪಿನೊಳಗೆ ಮರಿ ಮಲಗಿತ್ತಂತೆ. ಚಿಪ್ಪಿನ ಸಮೇತ ಎತ್ತಿಕೊಂಡು ಬಂದಳು. ಹಿಡಿಯಷ್ಟಿದ್ದ ಆ ಮರಿ ಮೊದಲ ದಿನ ಬೊಗಳಿದಾಗ ನನ್ನ ಅಡುಗೆಮನೆಯ ತಟ್ಟೆಗಳು ಝಣ್ ಎಂದವು.

"ಇದೇನೇ ಇದು, ನಾಯೀನೋ ಗುಡುಗೋ?" ಎಂದೆ.

ಅದೇ ಹೆಸರಾಯಿತು. ಮಕ್ಕಳಿಲ್ಲದ ಆ ಮನೆಯಲ್ಲಿ ಗುಡುಗು ಮಗನ ಹಾಗೆ ಬೆಳೆದ. ರಿಪೇರಿಯಾದ ಟೇಬಲ್ ಫ್ಯಾನನ್ನು ಮೊದಲು ಪರೀಕ್ಷಿಸುವ ಹಕ್ಕು ಅವನದು. ಗಾಳಿಗೆ ಕಿವಿಗಳು ಪಟಪಟ ಹಾರಿದರೆ, "ಪಾಸ್!" ಎನ್ನುತ್ತಿದ್ದಳು ಅಕ್ಕ. ಅವನು ಒಮ್ಮೆ ಜೋರಾಗಿ ಬೊಗಳಿ ಸಹಿ ಹಾಕುತ್ತಿದ್ದ.

ಕೆಳಗಿನ ಮನೆಯಲ್ಲಿದ್ದ ಮಾಲೀಕರಿಗೆ ಒಂದು ದಿನ ತಲೆನೋವು ಇತ್ತೋ, ಹೆಂಡತಿಯ ಜೊತೆ ಜಗಳವಾಗಿತ್ತೋ, ನನಗೆ ಗೊತ್ತಿಲ್ಲ. ಕೈಯಲ್ಲಿ ತರಕಾರಿ ಚೀಲ ಹಿಡಿದುಕೊಂಡು ಮೆಟ್ಟಿಲ ಮೇಲೆ ಅಕ್ಕನನ್ನು ತಡೆದರು.

"ನಾಯಿ ಗೀಯಿ ಎಲ್ಲ ಇಲ್ಲಿ ನಡೆಯಲ್ಲಮ್ಮ. ತಿಂಗಳ ಕೊನೆಗೆ ನಾಯಿ ಇರಬಾರದು, ಇಲ್ಲ ನೀವು ಇರಬಾರದು."

ಅಷ್ಟು ಹೇಳಿ ಕೆಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಕ್ಕನ ಮುಖ ಬಿಳುಚಿಕೊಂಡಿತು. ಬೇರೆಯವರಾಗಿದ್ದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದರು. ಇವಳು ಮರುದಿನದಿಂದಲೇ ಮನೆ ಹುಡುಕಲು ಹೊರಟಳು. ಹೋದಲ್ಲೆಲ್ಲ ಅದೇ ಪಾಠ. ಒಂಟಿ ಹೆಂಗಸಾ? ಮನೆಯಲ್ಲೇ ರಿಪೇರಿ ಕೆಲಸವಾ? ಮೇಲೆ ನಾಯಿ ಬೇರೆನಾ? ಒಬ್ಬಾಕೆಯಂತೂ ಬಾಗಿಲನ್ನು ಅರ್ಧ ತೆರೆದು, "ನಾಯೀನ ಬಿಟ್ಟು ಬನ್ನಿ, ಆಮೇಲೆ ಮಾತಾಡೋಣ," ಎಂದಳಂತೆ. ಅಂದು ಸಂಜೆ ಅಕ್ಕ ಗುಡುಗನ ಬೆನ್ನ ಮೇಲೆ ಕೈಯಿಟ್ಟು ಗೋಡೆಗೆ ಒರಗಿ ಕೂತಿದ್ದಳು. "ಎಲ್ಲಿ ಬಿಡೋದೇ ಇವನ್ನ? ರಸ್ತೆ ದಾಟೋಕೂ ಬರಲ್ಲ ಇವನಿಗೆ," ಎಂದಳು.

ನನ್ನ ತಂಗಿಯ ಗಂಡ ವಕೀಲ. ಅಕ್ಕನನ್ನು ಎಳೆದುಕೊಂಡು ಅವನ ಹತ್ತಿರ ಹೋದೆ. ಅವನು ಬಾಡಿಗೆ ಕರಾರನ್ನು ಓದಿ ನಕ್ಕುಬಿಟ್ಟ.

"ಇದರಲ್ಲಿ ನಾಯಿ ಬಗ್ಗೆ ಒಂದು ಮಾತೂ ಇಲ್ಲವಲ್ಲಮ್ಮ. ಮೆಟ್ಟಿಲ ಮೇಲೆ ನಿಂತು ಹೇಳಿದ್ದೆಲ್ಲ ನಿಯಮ ಆಗಲ್ಲ. ಬಾಡಿಗೆ ಸರಿಯಾಗಿ ಕೊಡ್ತಿದ್ದೀರಿ. ನಿಮ್ಮನ್ನ ಹೊರಗೆ ಹಾಕಬೇಕು ಅಂದ್ರೆ ಅವರು ಕೋರ್ಟಿಗೆ ಹೋಗಬೇಕು, ಕಾರಣ ತೋರಿಸಬೇಕು."

"ಎಂಥಾ ಕಾರಣ?" ಅಕ್ಕ ಸಣ್ಣ ದನಿಯಲ್ಲಿ ಕೇಳಿದಳು.

"ನಾಯಿ ಯಾರಿಗಾದ್ರೂ ಕಚ್ಚಿದ್ರೆ, ಗಲೀಜು ಮಾಡಿದ್ರೆ, ಹೊತ್ತುಗೊತ್ತಿಲ್ಲದೆ ಬೊಗಳಿ ತೊಂದರೆ ಕೊಟ್ರೆ. ಅಂಥದ್ದೇನೂ ಇಲ್ಲವಲ್ಲ? ಆರಾಮಾಗಿರಿ."

ಅವನೇ ಮಾಲೀಕರಿಗೆ ಫೋನ್ ಮಾಡಿ ನಯವಾಗಿ ಕಾನೂನು ಹೇಳಿದ. ಮಾಲೀಕರು, "ಆಯ್ತು ಬಿಡಿ, ಗಲಾಟೆ ಆಗದಿದ್ರೆ ಸರಿ," ಎಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ನಾನು ದಾರಿಯುದ್ದಕ್ಕೂ ಜಂಬ ಕೊಚ್ಚಿಕೊಂಡೆ. ವಕೀಲ ಹೇಳಿದ ಅಷ್ಟೂ ಮಾತಿನಲ್ಲಿ ಅಕ್ಕನ ಕಿವಿಗೆ ಬಿದ್ದದ್ದು ಒಂದೇ: ಬೊಗಳಬಾರದು.

ಅಂದಿನಿಂದ ಪಾಠ ಶುರುವಾಯಿತು. ಗಿರಾಕಿಗಳಿಗೆ ತೋರಿಸುತ್ತಿದ್ದ ಅದೇ ಬೆರಳು, ಅದೇ ತುಟಿ. ಮೆಟ್ಟಿಲಲ್ಲಿ ಹೆಜ್ಜೆ ಸದ್ದಾದರೆ ಗುಡುಗು ಎದ್ದು ನಿಲ್ಲುತ್ತಿದ್ದ, ಕತ್ತಿನ ಕೂದಲು ನಿಗುರುತ್ತಿತ್ತು, ಬಾಯಿ ತೆರೆಯುವುದರೊಳಗೆ ಅಕ್ಕನ ಬೆರಳು ಏಳುತ್ತಿತ್ತು. ಬಾಯಿ ಮುಚ್ಚಿದರೆ ಬಿಸ್ಕತ್ತು. ಹೊಡೆದವಳಲ್ಲ, ಗದರಿದವಳಲ್ಲ. ಪ್ರೀತಿಯಿಂದಲೇ ಅವನ ದನಿಯನ್ನು ಒಳಗೆ ತಳ್ಳಿದಳು. ನಿದ್ದೆಯಲ್ಲಿ ಕುಂಯ್ ಎಂದರೂ ಮೆಲ್ಲಗೆ ತಟ್ಟಿ ಎಬ್ಬಿಸುತ್ತಿದ್ದಳು. ಫ್ಯಾನ್ ಪಾಸಾದಾಗ ಹಾಕುತ್ತಿದ್ದ ಸಹಿಯೂ ನಿಂತಿತು. ಅವನನ್ನು ತಿರುಗಾಡಿಸುವುದೂ ಮಾಲೀಕರ ಕಣ್ಣಿಗೆ ಬೀಳದ ಹಾಗೆ, ತಾರಸಿಯ ಮೇಲೆ.

ನನಗೆ ಸಿಟ್ಟು ಬಂತು. "ಯಾಕೇ ಅದರ ಬಾಯಿ ಕಟ್ಟಿದ್ದೀಯ? ಒಂದೆರಡು ಸಲ ಬೊಗಳಿದರೆ ಯಾರೂ ಕೋರ್ಟಿಗೆ ಓಡಲ್ಲ. ನಾಯಿ ಬೊಗಳಿದರೆ ದೇವಲೋಕ ಹಾಳಾಗುತ್ತಾ?"

"ದೇವಲೋಕ ಹಾಳಾಗಲ್ಲ ಕಣೇ. ನನ್ನ ಮನೆ ಹಾಳಾಗುತ್ತೆ," ಎಂದಳು. "ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ. ನನ್ನ ಮಗ ಬಂಗಾರ, ಅಲ್ವೇನೋ?"

ಬಂಗಾರ ಬಾಲ ಆಡಿಸಿತು. ವರ್ಷಗಳು ಕಳೆದ ಮೇಲೆ ಬೆರಳೂ ಬೇಕಾಗಲಿಲ್ಲ. ಹೆಜ್ಜೆ ಸದ್ದಾದರೆ ಎದ್ದು ಅಕ್ಕನ ಮುಖ ನೋಡುತ್ತಿದ್ದ, ಸುಮ್ಮನೆ ಕೂರುತ್ತಿದ್ದ. ಗುಡುಗನಿಗೆ ಮುದಿತನ ಬಂತು, ಮೂತಿ ನರೆಯಿತು. ಅಕ್ಕನ ಮೊಣಕಾಲೂ ಸವೆಯಿತು. ಆದರೂ ರಿಪೇರಿಯಾದ ಸೀಲಿಂಗ್ ಫ್ಯಾನನ್ನು ಸ್ಟೂಲು ಹತ್ತಿ ಕೊಕ್ಕೆಗೆ ತೂಗುಹಾಕಿ ತಿರುಗಿಸಿ ನೋಡದೆ ಕೊಡುತ್ತಿರಲಿಲ್ಲ. "ಯಾರನ್ನಾದರೂ ಕರೆಯೇ," ಎಂದರೆ, "ನೀನೇ ಇದ್ದೀಯಲ್ಲ ಗೋಡೆಯಾಚೆ. ಬಿದ್ದರೆ ನಿನಗೆ ಕೇಳಿಸುತ್ತೆ," ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಕೇಳಿಸಿತು. ನಾನು ಬಟ್ಟೆ ಮಡಿಸುತ್ತಿದ್ದೆ. ಆಚೆ ಧಡ್ ಎಂದಿತು. ಆ ಮನೆಯಲ್ಲಿ ಧಡ್ ಎನ್ನದ ದಿನವೇ ಇರಲಿಲ್ಲ. ಮೋಟಾರು ಇಳಿಸಿದರೂ ಅದೇ ಸದ್ದು, ಫ್ಯಾನು ಜಾರಿದರೂ ಅದೇ ಸದ್ದು. ಒಂದು ಗಳಿಗೆ ಕಿವಿಗೊಟ್ಟೆ. ಆಮೇಲೆ ಏನೂ ಇಲ್ಲ. ಏನಾದರೂ ಆಗಿದ್ದರೆ ನಾಯಿ ಸುಮ್ಮನಿರುತ್ತದೆಯೇ ಎಂದುಕೊಂಡು ಮತ್ತೆ ಬಟ್ಟೆಗೆ ಕೈ ಹಾಕಿದೆ. ಅದು ಎಂಥ ನಾಯಿ ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ.

ಸಂಜೆ ಮಿಕ್ಸಿ ಒಯ್ಯಲು ಬಂದ ಗಿರಾಕಿ ಬಾಗಿಲು ಬಡಿದೂ ಬಡಿದೂ ನನ್ನನ್ನು ಕರೆದ. ಕೆಳಗೆ ಮಾಲೀಕರ ಬಳಿಯಿದ್ದ ಇನ್ನೊಂದು ಕೀಲಿ ತಂದು ನಾನೇ ತೆರೆದೆ. ಸ್ಟೂಲು ಉರುಳಿತ್ತು. ಅಕ್ಕ ಗೋಡೆಯ ಬುಡದಲ್ಲಿ, ನನ್ನ ಗೋಡೆಯ ಬುಡದಲ್ಲೇ, ಬಿದ್ದಿದ್ದಳು. ಉಸಿರಾಡುತ್ತಿದ್ದಳು. ಬಾಗಿಲಿನ ಒಳಬದಿಯ ಬಣ್ಣವೆಲ್ಲ ಕೆರೆದು ಕಿತ್ತುಬಂದಿತ್ತು. ಗುಡುಗನ ಮುಂಗಾಲಿನ ಉಗುರುಗಳಲ್ಲಿ ರಕ್ತವಿತ್ತು. ಅಷ್ಟು ಹೊತ್ತೂ ಅವನು ಬಾಗಿಲಿಗೂ ಅಕ್ಕನಿಗೂ ನಡುವೆ ಓಡಾಡಿದ್ದಾನೆ, ಕೆರೆದಿದ್ದಾನೆ, ಬಾಯಿ ಮಾತ್ರ ತೆರೆದಿಲ್ಲ. ನಾವಿಬ್ಬರೂ ಒಳಗೆ ನುಗ್ಗಿದಾಗ ಎದ್ದು ನಿಂತ. ಕತ್ತಿನ ಕೂದಲು ನಿಗುರಿತು. ತಿರುಗಿ ಅಕ್ಕನ ಮುಖ ನೋಡಿದ. ಅವಳು ಕಣ್ಣು ತೆರೆಯಲಿಲ್ಲ. ಅವನು ಸುಮ್ಮನೆ ಕೂತ.

ಆಸ್ಪತ್ರೆಯಲ್ಲಿ ಡಾಕ್ಟರು, "ಸ್ವಲ್ಪ ಬೇಗ ಕರೆತಂದಿದ್ದರೆ," ಎಂದು ಶುರುಮಾಡಿ ನನ್ನ ಮುಖ ನೋಡಿ ನಿಲ್ಲಿಸಿದರು. ಮರುದಿನ ಅಕ್ಕ ಹೋದಳು.

ಮನೆ ಖಾಲಿ ಮಾಡುವ ದಿನ ಮಾಲೀಕರು ಮೇಲೆ ಬಂದರು. ಕೆಟ್ಟ ಮನುಷ್ಯರಲ್ಲ, ಕಣ್ಣು ಒರೆಸಿಕೊಂಡರು. ಮೂಲೆಯಲ್ಲಿ ಮಲಗಿದ್ದ ಗುಡುಗನನ್ನು ನೋಡಿ ಅಚ್ಚರಿಪಟ್ಟರು.

"ಅಯ್ಯೋ, ಈ ನಾಯಿ ಇನ್ನೂ ಇದೆಯಾ? ಸದ್ದೇ ಇರಲಿಲ್ಲ, ಯಾವತ್ತೋ ಹೋಗಿರಬೇಕು ಅಂದ್ಕೊಂಡಿದ್ದೆ. ಅವತ್ತು ಏನೋ ಸಿಟ್ಟಿನಲ್ಲಿ ಹೇಳಿದ್ದೆ, ನಿಮ್ಮ ವಕೀಲರ ಫೋನ್ ಬಂದ ಮೇಲೆ ಮರೆತೇಬಿಟ್ಟಿದ್ದೆ. ಬೊಗಳಿದರೆ ಬೊಗಳಲಿ, ನಾಯಿ ಅಲ್ವಾ ಅದು?"

ನನ್ನ ಬಾಯಲ್ಲಿ ಬೈಗುಳಗಳಿಗೆ ಬರವಿಲ್ಲ. ಅಂದು ಗುಡುಗನನ್ನು ಕರೆದುಕೊಂಡು ನನ್ನ ಮನೆಗೆ ಬಂದುಬಿಟ್ಟೆ.

ಗುಡುಗು ಈಗ ನನ್ನ ಮನೆಯಲ್ಲಿದ್ದಾನೆ. ಬಾಗಿಲು ತೆರೆದೇ ಇಡುತ್ತೇನೆ. ಮೆಟ್ಟಿಲಲ್ಲಿ ಹೆಜ್ಜೆ ಸದ್ದಾದರೆ ಕಷ್ಟಪಟ್ಟು ಎದ್ದು ನನ್ನ ಮುಖ ನೋಡುತ್ತಾನೆ.

"ಬೊಗಳೋ ನನ್ನಪ್ಪ," ಎನ್ನುತ್ತೇನೆ. "ಯಾರೂ ಏನೂ ಅನ್ನಲ್ಲ. ಬೊಗಳೋ."

ಬಿಸ್ಕತ್ತು ತೋರಿಸುತ್ತೇನೆ. ಅದನ್ನು ಕಂಡ ಕೂಡಲೇ ಅವನು ಬಾಯಿ ಇನ್ನೂ ಬಿಗಿಯಾಗಿ ಮುಚ್ಚಿಕೊಂಡು, ಒಳ್ಳೆಯ ಮಗನ ಹಾಗೆ ಕೂರುತ್ತಾನೆ.